34 ಇಂಚು ಸಾಕಾ, 35 ಬೇಕಾ?
ಐದು ತಂತಿಯ ಬೇಸ್ ಗಿಟಾರ್ ಮಾಡಿಸುತ್ತಿದ್ದೀರಿ, ಎಲ್ಲಕ್ಕಿಂತ ದಪ್ಪನೆಯ ಬಿ ತಂತಿ ಸಡಿಲ ಅನ್ನಿಸಬಾರದು, ಅದಕ್ಕೆ 35 ಇಂಚಿನ ಸ್ಕೇಲ್ (ಮಿಡಿದಾಗ ಕಂಪಿಸುವ ತಂತಿಯ ಉದ್ದ) ಬೇಕೇ ಬೇಕಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಬೇಡ.

ಲೆಕ್ಕ ನೋಡಿ. ಅದೇ ತಂತಿ, ಅದೇ ಸ್ವರ ಇದ್ದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. 34ರಿಂದ 35ಕ್ಕೆ ಹೋದರೆ ಸಿಗುವುದು ಸುಮಾರು 6% ಅಷ್ಟೇ. ಬದಲಿಗೆ .125 ಇಂಚು ದಪ್ಪದ ತಂತಿ ತೆಗೆದು .130 ಹಾಕಿ, ಹತ್ತಿರ ಹತ್ತಿರ 8% ಸಿಗುತ್ತದೆ. ಖರ್ಚು ಒಂದು ತಂತಿಯದು! ಹಾಗಂತ 35 ಅಂದರೆ ಕೈ ಎಟುಕಲ್ಲ ಅಂತ ಹೆದರಿಸುವವರ ಮಾತೂ ಜಾಸ್ತಿಯಾಯಿತು. ಮೊದಲ ಫ್ರೆಟ್‌ನ (ಬೆರಳಿಡುವ ಕಡೆಯ ಲೋಹದ ಅಡ್ಡಪಟ್ಟಿ) ಜಾಗದ ಅಗಲದಲ್ಲಿ ವ್ಯತ್ಯಾಸ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ.

ನಿಜವಾಗಿ ಬದಲಾವಣೆ ಬೇಕಿದ್ದರೆ ಒಂದಿಂಚಿಗೆ ನಿಲ್ಲಬೇಡಿ. ಕೆನಡಾದ ಡಿಂಗ್‌ವಾಲ್‌ನವರ ಓರೆ ಫ್ರೆಟ್‌ನ ಬೇಸ್‌ಗಳಲ್ಲಿ ಬಿ ತಂತಿ 37 ಇಂಚು, ತೆಳ್ಳಗಿನ ಜಿ ತಂತಿ 34. ಬೇಸ್ ವಾದಕ ಆಂಟನಿ ಜಾಕ್ಸನ್‌ಗೆ ಫೊಡೆರಾ ಕಂಪನಿಯವರು ಮಾಡಿಕೊಟ್ಟ ಆರು ತಂತಿಯದ್ದು 36 ಇಂಚು.

ದುಡ್ಡು ಹಾಕುವುದಿದ್ದರೆ ನೆಕ್‌ಗೆ, ಅಂದರೆ ಗಿಟಾರ್‌ನ ಉದ್ದನೆಯ ಕತ್ತಿಗೆ ಹಾಕಿ. ಮೇಪಲ್ ಪಟ್ಟಿಗಳನ್ನು ಅಂಟಿಸಿ ಮಾಡಿದ ನೆಕ್, ಟ್ರಸ್ ರಾಡ್‌ನ (ನೆಕ್ ಬಾಗುವುದನ್ನು ಸರಿಪಡಿಸಲು ಒಳಗಿಡುವ ಲೋಹದ ಸರಳು) ಎರಡೂ ಬದಿಗೆ ಕಾರ್ಬನ್ ಸರಳು. ನೆಕ್ ಗಟ್ಟಿಯಿದ್ದರೆ ಬಿ ತಂತಿಯ ಸ್ವರ ಮಸುಕಾಗದೆ ನಿಲ್ಲುತ್ತದೆ. ಫ್ರೆಟ್‌ಗಳನ್ನು ಕೂರಿಸುವ ಹಲಗೆ, ಅಂದರೆ ಫ್ರೆಟ್‌ಬೋರ್ಡ್‌ಗೆ ನಮ್ಮ ಬೀಟೆ ಮರವೇ ಚೆನ್ನ, ದೊಡ್ಡ ಕಂಪನಿಗಳೂ ಅದನ್ನೇ ಬಳಸುತ್ತವೆ. ಎಬೋನಿ ಬೇಕು ಅನ್ನುವುದು ಸುಮ್ನೆ ಶೋಕಿ.

35ಕ್ಕೇ ಹೋಗುತ್ತೀರಾದರೆ, ಬಾಡಿಯ ಹಿಂದಿನಿಂದ ತಂತಿ ಪೋಣಿಸುವ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಹಾಕಿಸುವ ಮೊದಲು ನಿಮ್ಮ ತಂತಿಯ ಉದ್ದ ಅಳೆದುಕೊಳ್ಳಿ. ಕೆಲವು ಸೆಟ್‌ಗಳು ಅಲ್ಲಿಗೆ ಸಾಲುವುದಿಲ್ಲ. ಅಂದಹಾಗೆ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಪಿಕಪ್ ಯಾವುದು ಅಂತ ನಿರ್ಧಾರ ಆಯ್ತಾ?