ರೈಝ್ ಮತ್ತು ರೇಝ್: ನೀರು ಏರಿತೋ, ಏರಿಸಿದರೋ?

ನೀವು ಮುಧೋಳದಲ್ಲಿದ್ದು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿದ್ದೀರಿ. ಇಂಗ್ಲಿಷ್ ಪೇಪರ್‌ನಲ್ಲಿ ಖಾಲಿ ಜಾಗ ತುಂಬುವಾಗ ರೈಝ್ (rise) ಹಾಕಬೇಕೋ ರೇಝ್ (raise) ಹಾಕಬೇಕೋ ಅಂತ ಪ್ರತಿ ಸಲ ಗೊಂದಲ ಆಗುತ್ತದೆ ಅಂತ ಬರೆದಿದ್ದೀರಿ. ಒಂದು ಅಕರ್ಮಕ, ಇನ್ನೊಂದು ಸಕರ್ಮಕ ಅಂತ ಪುಸ್ತಕದಲ್ಲಿದೆ, ಆದರೆ ಪರೀಕ್ಷೆಯಲ್ಲಿ ಅದು ನೆನಪಿಗೆ ಬರುವುದಿಲ್ಲ ಅಂದಿದ್ದೀರಿ. ಜೊತೆಗೆ ಅರೈಝ್ (arise) ಅನ್ನೋದು ಇವೆರಡರ ನಡುವೆ ಎಲ್ಲಿ ಬರುತ್ತದೆ ಅಂತಲೂ ಕೇಳಿದ್ದೀರಿ.

ನಾನು ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಈ ಪ್ರಶ್ನೆ ಪ್ರತಿ ಬ್ಯಾಚ್‌ನಲ್ಲೂ ಬರುತ್ತದೆ. ನನ್ನ ಉತ್ತರ ಯಾವಾಗಲೂ ಒಂದೇ. ಈ ವ್ಯತ್ಯಾಸ ನಿಮಗೆ ಆಗಲೇ ಗೊತ್ತಿದೆ. ಮನೆಯಲ್ಲಿ ಮಾತಾಡುವಾಗ ದಿನಾ ಬಳಸುತ್ತೀರಿ, ಒಮ್ಮೆಯೂ ತಪ್ಪುವುದಿಲ್ಲ. ಏರು, ಏರಿಸು. ಇಷ್ಟೇ.

ಆಲಮಟ್ಟಿ ಅಣೆಕಟ್ಟನ್ನೇ ತಗೊಳ್ಳಿ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕೃಷ್ಣೆ ತುಂಬಿ ಬರುತ್ತಾಳೆ, ಜಲಾಶಯದ ಮಟ್ಟ ಏರುತ್ತದೆ. ಯಾರೋ ಕೈ ಹಾಕಿ ಏರಿಸಿದ್ದಲ್ಲ, ತಾನಾಗಿ ಏರಿದ್ದು. ಇಂಗ್ಲಿಷ್‌ನಲ್ಲಿ ಇದು ರೈಝ್. ನಿನ್ನೆ ಏರಿತು ಅನ್ನೋದಕ್ಕೆ ರೋಝ್: ದ ವಾಟರ್ ರೋಝ್. ಈಗ ಇನ್ನೊಂದು ಮಾತು ನೋಡಿ. ಸದ್ಯ ಆ ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನ 524.256 ಮೀಟರ್‌ಗೆ ಎತ್ತರಿಸಬೇಕು ಅನ್ನೋದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ. 2010ರಲ್ಲಿ ರಾಜ್ಯಗಳಿಗೆ ನದಿ ನೀರು ಹಂಚುವ ಕೃಷ್ಣಾ ಎರಡನೇ ನ್ಯಾಯಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮಟ್ಟ ತಾನಾಗಿ 524ಕ್ಕೆ ಹೋಗುವುದಿಲ್ಲ. ಸರ್ಕಾರ ಮನಸ್ಸು ಮಾಡಬೇಕು, ಎತ್ತರಿಸಬೇಕು. ಆದ್ದರಿಂದ ಇಲ್ಲಿ ರೇಝ್: ದ ಗವರ್ನ್‌ಮೆಂಟ್ ವಿಲ್ ರೇಝ್ ದ ಲೆವೆಲ್.

ಪ್ರವಾಹ ಬಂದಾಗ ನೀರು ಹೊರಬಿಡಲು ಅಲ್ಲಿನ ಕ್ರೆಸ್ಟ್ ಗೇಟ್‌ಗಳನ್ನ ಎತ್ತುತ್ತಾರೆ. ದ ಗೇಟ್ಸ್ ವರ್ ರೇಝ್ಡ್. ಆಗ ಕೆಳಗಡೆ ನದಿ ಏರುತ್ತದೆ. ದ ರಿವರ್ ರೋಝ್. ಎರಡೂ ಕ್ರಿಯಾಪದ ಒಂದೇ ಸುದ್ದಿಯಲ್ಲಿ ಬಂದವು. ಗೇಟ್ ಎತ್ತಲು ಒಬ್ಬ ಬೇಕು, ನದಿ ಏರಲು ಯಾರೂ ಬೇಡ. ನಿಮ್ಮ ಪುಸ್ತಕದಲ್ಲಿ ಸಕರ್ಮಕ, ಅಕರ್ಮಕ ಅಂತ ಬರೆದಿರುವುದು ಇದನ್ನೇ. ರೇಝ್ ಆದ ಮೇಲೆ 'ಏನನ್ನ?' ಅಂತ ಕೇಳಿದರೆ ಉತ್ತರ ಇರಲೇಬೇಕು. ರೈಝ್ ಆದ ಮೇಲೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ನೀರು ಏರಿತು ಅನ್ನೋದಕ್ಕೂ ಏರಿಸಿದರು ಅನ್ನೋದಕ್ಕೂ ಎಷ್ಟು ಅಂತರ ಇದೆ ಅಂತ ಬಾಗಲಕೋಟೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಹೊಳೆ ಏರಿದರೆ ಸ್ವಲ್ಪ ದಿನಕ್ಕೆ ಇಳಿಯುತ್ತದೆ, ಮಂದಿ ಮನೆಗೆ ವಾಪಸ್ ಬರುತ್ತಾರೆ. ಆಲಮಟ್ಟಿ ಹಿನ್ನೀರು ಹಾಗಲ್ಲ. ಹಳೆ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಡೆಯಾಗಿ ಜನ ನವನಗರಕ್ಕೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಅದನ್ನ ಇಂಗ್ಲಿಷ್‌ನಲ್ಲಿ ಬರೆಯುವಾಗ ಸುಮ್ನೆ 'ದ ವಾಟರ್ ರೋಝ್' ಅಂದರೆ ವ್ಯಾಕರಣ ಸರಿ ಇರುತ್ತದೆ, ಆದರೆ ಅರ್ಧ ಸತ್ಯ ಬಿಟ್ಟುಹೋಗುತ್ತದೆ. ಪರಿಹಾರ ಕೊಡಬೇಕಾದವರು ಯಾರು ಅನ್ನೋದು ರೇಝ್ ಅನ್ನೋ ಪದದಲ್ಲೇ ಇದೆ. ಈ ಕಾರಣಕ್ಕೇ ನನಗೆ ಈ ಜೋಡಿಯ ಮೇಲೆ ಇಷ್ಟು ಕಾಳಜಿ. ನಾಳೆ ನೀವು ಎಫ್‌ಡಿಎ ಆಗಿ ಟಿಪ್ಪಣಿ ಬರೆಯುವಾಗ ಈ ಒಂದು ಆಯ್ಕೆ ಒಬ್ಬ ರೈತನ ಅರ್ಜಿಯ ಅರ್ಥ ಬದಲಿಸಬಹುದು.

ಬೆಲೆಯ ವಿಷಯದಲ್ಲೂ ಇದೇ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರ್‌ಗೆ 4 ರೂಪಾಯಿ ಹೆಚ್ಚಾಯಿತು. ಹಾಲಿನ ದರ ನಿಗದಿ ಮಾಡುವವರಿದ್ದಾರೆ, ಅವರು ಏರಿಸಿದರು. ಹಾಗಾಗಿ ದ ಪ್ರೈಸ್ ವಾಸ್ ರೇಝ್ಡ್. ಇತ್ತ ನಮ್ಮ ವಿಜಯಪುರದ ಎಪಿಎಂಸಿಯಲ್ಲಿ ಒಣದ್ರಾಕ್ಷಿ ಹರಾಜು ನಡೆಯುತ್ತದೆ. ಮಾಲು ಕಡಿಮೆ ಬಂದು ಕೊಳ್ಳುವವರು ಜಾಸ್ತಿಯಾದರೆ ದರ ಏರುತ್ತದೆ. ಒಬ್ಬನೇ ಕೂತು ಏರಿಸಿದ್ದಲ್ಲ, ಮಾರುಕಟ್ಟೆ ಏರಿತು. ಪ್ರೈಸಸ್ ರೋಝ್. ಪರೀಕ್ಷೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಈ ಜಾಗದಲ್ಲೇ. 'ದ ಪ್ರೈಸ್ ಹ್ಯಾಸ್ ರೇಝ್ಡ್' ಅಂತ ಬರೆದುಬಿಡುತ್ತಾರೆ. ಕನ್ನಡಕ್ಕೆ ತಿರುಗಿಸಿ ನೋಡಿ: 'ದರ ಏರಿಸಿದೆ'. ಏನನ್ನ ಏರಿಸಿದೆ? ಕಿವಿಗೇ ತಪ್ಪು ಅಂತ ಗೊತ್ತಾಗುತ್ತದೆ. 'ಹ್ಯಾಸ್ ರಿಝನ್' ಆಗಬೇಕು, ಇಲ್ಲವೇ 'ಹ್ಯಾಸ್ ಬೀನ್ ರೇಝ್ಡ್' ಆಗಬೇಕು.

ರೂಪಗಳನ್ನ ಇಲ್ಲೇ ಹೇಳಿಬಿಡುತ್ತೇನೆ. ರೈಝ್, ರೋಝ್, ರಿಝನ್. ಇದನ್ನ ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ. 'ರೈಝ್ಡ್' ಅನ್ನೋ ರೂಪವೇ ಇಂಗ್ಲಿಷ್‌ನಲ್ಲಿ ಇಲ್ಲ, ಆಯ್ಕೆಯಲ್ಲಿ ಕಂಡರೆ ಕಣ್ಣು ಮುಚ್ಚಿ ಹೊಡೆದುಹಾಕಿ. ರೇಝ್ ಸರಳ: ರೇಝ್, ರೇಝ್ಡ್, ರೇಝ್ಡ್. ಉಚ್ಚಾರದಲ್ಲಿ ಕೊನೆಗೆ ಬರುವುದು 'ಝ್' ಸದ್ದು, ಅದಕ್ಕೇ ಇಲ್ಲಿ ಹಾಗೆ ಬರೆಯುತ್ತಿದ್ದೇನೆ. 'ರೈಸ್' ಅಂತ ಮೆತ್ತಗೆ ಮುಗಿಸಿದರೆ ಅದು ಅನ್ನ ಆಗುತ್ತದೆ. ಪತ್ರಿಕೆಯಲ್ಲಿ ಸದ್ದು ಥೇಟ್ ರೇಝ್ ಥರವೇ ಇರುವ ಇನ್ನೊಂದು ಪದವೂ ಸಿಗುತ್ತದೆ. ಅದರ ಕಾಗುಣಿತ ಆರ್-ಎ-ಝಡ್-ಇ, ಅರ್ಥ ನೆಲಸಮ ಮಾಡು. ಅದೂ ಇದೂ ಪೂರ್ತಿ ಉಲ್ಟಾ, ಆದ್ದರಿಂದ ಅಕ್ಷರ ನೋಡಿ ಓದಿ.

ಇವೆರಡೂ ಇಷ್ಟು ಹತ್ತಿರ ಯಾಕಿವೆ ಅಂತ ತಿಳಿದರೆ ನೆನಪಿಡುವುದು ಸುಲಭ. ಎರಡರ ಮೂಲ ಧಾತು ಒಂದೇ. ರೈಝ್ ಹಳೆಯ ಇಂಗ್ಲಿಷ್‌ನ ಸ್ವಂತ ಪದ. ರೇಝ್ ಬಂದದ್ದು ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನಿಂದ. ಆ ಹಳೆಯ ಭಾಷೆಗಳಲ್ಲಿ ಒಂದು ಕೆಲಸವನ್ನ ಮಾಡಿಸುವುದು ಅನ್ನೋದಕ್ಕೆ ಧಾತುವಿನ ಸ್ವರ ಬದಲಿಸಿ ಕೊನೆಗೆ ಒಂದು ಪ್ರತ್ಯಯ ಸೇರಿಸುತ್ತಿದ್ದರು. ನಾವು 'ಇಸು' ಸೇರಿಸುವ ಹಾಗೆ. ಇಂಗ್ಲಿಷ್‌ನಲ್ಲಿ ಆ ಪ್ರತ್ಯಯ ಸವೆದು ಹೋಯಿತು, ಸ್ವರದ ಬದಲಾವಣೆ ಮಾತ್ರ ಉಳಿಯಿತು. ಸಿಟ್ ಮತ್ತು ಸೆಟ್, ಲೈ ಮತ್ತು ಲೇ, ಫಾಲ್ ಮತ್ತು ಫೆಲ್ ಇವೆಲ್ಲ ಅದೇ ಮನೆತನದ ಜೋಡಿಗಳು. ಇಲ್ಲಿ ಫೆಲ್ ಅಂದರೆ ಮರ ಕಡಿದು ಬೀಳಿಸುವುದು. ನಮ್ಮಲ್ಲಿ ಬೀಳು, ಬೀಳಿಸು, ಮಲಗು, ಮಲಗಿಸು, ನಮ್ಮ ಕಡೆ ಮಾತಲ್ಲಿ ಕುಂದ್ರು, ಕುಂದ್ರಿಸು. ಇಂಗ್ಲಿಷ್‌ನವರು ಒಂದೊಂದನ್ನೂ ಬಾಯಿಪಾಠ ಮಾಡುತ್ತಾರೆ, ನಮಗೆ ಒಂದೇ ಪ್ರತ್ಯಯ ಹೆಚ್ಚಿನ ಕೆಲಸ ಮಾಡಿಕೊಡುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ವ್ಯಾಕರಣದಲ್ಲಿ ಹಿಂದೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಈ ವಿಷಯದಲ್ಲಿ ಅವರು ಮುಂದೆಯೇ ಇದ್ದಾರೆ.

'ಇಸು' ಕಾಣದ ಕಡೆ 'ಏಳು' ಮತ್ತು 'ಎತ್ತು' ಇಟ್ಟು ನೋಡಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಒಬ್ಬ ಸದಸ್ಯರು ಎದ್ದು ನಿಂತು ಕಬ್ಬಿನ ಬಾಕಿ ಹಣದ ಪ್ರಶ್ನೆ ಎತ್ತುತ್ತಾರೆ ಅಂದುಕೊಳ್ಳಿ. ಎದ್ದದ್ದು ರೋಝ್, ಪ್ರಶ್ನೆ ಎತ್ತಿದ್ದು ರೇಝ್ಡ್. ಹೀ ರೋಝ್ ಆಂಡ್ ರೇಝ್ಡ್ ಅ ಕ್ವೆಶ್ಚನ್. ದನಿ ಎತ್ತು, ಕೈ ಎತ್ತು, ಆಕ್ಷೇಪ ಎತ್ತು, ಸಾಲ ಎತ್ತು, ಇವೆಲ್ಲ ರೇಝ್. ಯಾರ ಮೇಲಾದರೂ ಕೈ ಎತ್ತುವುದಕ್ಕೂ ಇಂಗ್ಲಿಷ್‌ನಲ್ಲಿ ಇದೇ ಪದ ಬರುತ್ತದೆ.

ಇತಿಹಾಸದ ಪ್ಯಾಸೇಜ್ ಬಂದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕಿತ್ತೂರಿನ ಪತನದ ನಂತರ ಸಂಗೊಳ್ಳಿ ರಾಯಣ್ಣ ಬ್ರಿಟಿಷರ ವಿರುದ್ಧ ದಂಗೆ ಎದ್ದರು. 1831ರ ಜನವರಿ 26ರಂದು ನಂದಗಡದಲ್ಲಿ ಅವರನ್ನ ಗಲ್ಲಿಗೇರಿಸಿದರು. ದಂಗೆ ಎದ್ದರು ಅನ್ನೋದು ರೋಝ್ ಅಗೇನ್ಸ್ಟ್ ದ ಬ್ರಿಟಿಷ್. ಹೋರಾಟಕ್ಕೆ ಜನರನ್ನ ಕೂಡಿಸಿ ದಂಡು ಕಟ್ಟಿದ್ದು ರೇಝ್ಡ್ ಆನ್ ಆರ್ಮಿ. ನಿಮ್ಮ ತಾಲೂಕಿನದೇ ಹಲಗಲಿ ಇದೆ. 1857ರಲ್ಲಿ ಆಯುಧ ಒಪ್ಪಿಸಬೇಕು ಅನ್ನೋ ಕಾನೂನು ಬಂದಾಗ ಅಲ್ಲಿನ ಬೇಡರು ತಿರುಗಿಬಿದ್ದರು. ಅದಕ್ಕೂ ರೋಝ್. ತಿರುಗಿಬೀಳು ಅನ್ನೋದರಲ್ಲಿ ನಾವು ಬೀಳುತ್ತೇವೆ, ಇಂಗ್ಲಿಷ್‌ನವರು ಅದೇ ಕೆಲಸಕ್ಕೆ ಏಳುತ್ತಾರೆ. ಇಂಥ ಕಡೆ ಪದ ಪದ ಜೋಡಿಸಲು ಹೋಗಬೇಡಿ, 'ಯಾರನ್ನ, ಏನನ್ನ' ಅನ್ನೋ ಪ್ರಶ್ನೆಯನ್ನಷ್ಟೇ ಕೇಳಿ.

ಕನ್ನಡದ ಕಿವಿ ಕೈಕೊಡುವ ಕೆಲವು ಜಾಗ ಇವೆ. ಮೊದಲನೆಯದು ಎಬ್ಬಿಸು. ಏಳು ಅನ್ನೋದು ರೈಝ್ ಆದರೆ ಎಬ್ಬಿಸು ಅನ್ನೋದು ರೇಝ್ ಆಗಬೇಕಲ್ವಾ? ಆಗುವುದಿಲ್ಲ. 'ಅವ್ವ ನನ್ನನ್ನ ಐದು ಗಂಟೆಗೆ ಎಬ್ಬಿಸಿದಳು' ಅನ್ನೋದಕ್ಕೆ ವೋಕ್ ಮೀ ಅಪ್ ಅನ್ನಬೇಕು. 'ಮೈ ಮದರ್ ರೇಝ್ಡ್ ಮೀ' ಅಂದರೆ ಅವ್ವ ನನ್ನನ್ನ ಸಾಕಿ ಬೆಳೆಸಿದಳು ಅಂತ. ಮಕ್ಕಳು, ಕುರಿ, ಕೋಳಿ, ನಾಯಿ ಎಲ್ಲವನ್ನೂ ಸಾಕುವುದಕ್ಕೆ ರೇಝ್ ಬರುತ್ತದೆ. ಮುಧೋಳ ನಾಯಿ ಸಾಕುವವರ ಬಗ್ಗೆ ಬರೆದರೂ ಇದೇ: ದೇ ರೇಝ್ ಮುಧೋಳ್ ಹೌಂಡ್ಸ್.

ಎರಡನೆಯದು ಹುಟ್ಟು. ನಾವು ಹೊತ್ತು ಹುಟ್ಟಿತು ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ದ ಸನ್ ರೋಝ್. ನದಿ ಹುಟ್ಟುವುದಕ್ಕೂ ಅದೇ ರೈಝ್. ದ ಮಲಪ್ರಭಾ ರೈಝಸ್ ಅಟ್ ಕಣಕುಂಬಿ ಅಂದರೆ ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ ಅಂತ. ಅಲ್ಲಿ ನೀರು ಏರುತ್ತಿದೆ ಅಂತ ಅರ್ಥ ಮಾಡಿಕೊಂಡರೆ ಇಡೀ ಪ್ಯಾಸೇಜ್ ತಪ್ಪಿಹೋಗುತ್ತದೆ. ಏರುತ್ತಿದೆ ಅನ್ನಬೇಕಾದರೆ ಈಸ್ ರೈಝಿಂಗ್ ಇರುತ್ತದೆ. ಕ್ರಿಯಾಪದ ಒಂದೇ, ಕಾಲದ ರೂಪ ನೋಡಿ ಅರ್ಥ ಹಿಡಿಯಬೇಕು.

ಕಟ್ಟಡದ ವಿಷಯದಲ್ಲಿ ಎರಡೂ ಬರುತ್ತವೆ. ಗೋಲಗುಮ್ಮಟ ಊರಿನ ಮೇಲೆ ಎದ್ದು ನಿಂತಿದೆ ಅನ್ನೋದು ರೈಝಸ್ ಅಬೌ ದ ಸಿಟಿ. ಮೊಹಮ್ಮದ್ ಆದಿಲ್ ಶಾ ಅದನ್ನ ಕಟ್ಟಿಸಿದ ಅನ್ನೋದಕ್ಕೆ ರೇಝ್ಡ್ ಬರೆದರೆ ತಪ್ಪಲ್ಲ, ಆದರೆ ಬಿಲ್ಟ್ ಅಂತ ಬರೆಯುವುದೇ ವಾಸಿ.

ಸಂಬಳದ ಬಗ್ಗೆ ಒಂದು ಮಾತು. ನಾಮಪದವಾಗಿ ಬಳಸುವಾಗ ಬ್ರಿಟಿಷರು ಸಂಬಳ ಹೆಚ್ಚಳಕ್ಕೆ ಪೇ ರೈಝ್ ಅನ್ನುತ್ತಾರೆ, ಅಮೆರಿಕದವರು ರೇಝ್ ಅನ್ನುತ್ತಾರೆ. ಎರಡೂ ಸರಿ. ಬೆಲೆ ಏರಿಕೆಗೆ ಮಾತ್ರ ಎರಡೂ ಕಡೆ ರೈಝ್: ಅ ರೈಝ್ ಇನ್ ಪ್ರೈಸಸ್. ತೀರಾ ಗೊಂದಲವಾದರೆ, ಸ್ವಂತ ವಾಕ್ಯ ಬರೆಯುವ ಕಡೆ ಇನ್‌ಕ್ರೀಸ್ ಬಳಸಿ. ಬೆಲೆ, ಸಂಬಳ, ನೀರಿನ ಮಟ್ಟ ಇವಕ್ಕೆಲ್ಲ ಅದು ಏರು, ಏರಿಸು ಎರಡಕ್ಕೂ ಆಗುತ್ತದೆ. ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ, ಪ್ರಬಂಧ ಮತ್ತು ಪತ್ರದಲ್ಲಿ ಬರುತ್ತದೆ.

ಇನ್ನು ಅರೈಝ್. ಇದೂ ರೈಝ್ ಥರ ತಾನಾಗಿ ಆಗುವ ಕೆಲಸ. ರೂಪಗಳೂ ಅದರ ಹಾಗೇ: ಅರೈಝ್, ಅರೋಝ್, ಅರಿಝನ್. ಈಗಿನ ಇಂಗ್ಲಿಷ್‌ನಲ್ಲಿ ಇದನ್ನ ಕಣ್ಣಿಗೆ ಕಾಣುವ ವಸ್ತುಗಳಿಗೆ ಬಳಸುವುದು ತೀರಾ ಕಡಿಮೆ. ಸಮಸ್ಯೆ, ಅನುಮಾನ, ಅಗತ್ಯ, ವಿವಾದ ಇಂಥವಕ್ಕೆ ಬಳಸುತ್ತಾರೆ. ಕನ್ನಡದಲ್ಲಿ 'ತಲೆದೋರಿತು', 'ಎದುರಾಯಿತು' ಅಂತ ಹೇಳುವ ಕಡೆ ಅರೈಝ್ ಸರಿಯಾಗಿ ಕೂಡುತ್ತದೆ. ಗಡಿ ವಿಚಾರದಲ್ಲಿ ವಿವಾದ ತಲೆದೋರಿತು: ಅ ಡಿಸ್ಪ್ಯೂಟ್ ಅರೋಝ್. ಒಬ್ಬರು ಆ ವಿವಾದವನ್ನ ಸಭೆಯಲ್ಲಿ ಎತ್ತಿದರು ಅಂದರೆ ಮತ್ತೆ ರೇಝ್ಡ್. ದರಕ್ಕೆ, ನೀರಿಗೆ, ತಾಪಮಾನಕ್ಕೆ ಅರೈಝ್ ಹಾಕಬೇಡಿ, ಅಲ್ಲಿ ರೈಝ್ ಅಷ್ಟೇ.

ಲೈ ಮತ್ತು ಲೇ ಜೋಡಿ ಇದಕ್ಕಿಂತ ಕಷ್ಟ, ಯಾಕಂದರೆ ಅಲ್ಲಿ ಲೈ ಅನ್ನೋದರ ಭೂತಕಾಲದ ರೂಪವೇ ಲೇ. ಅದನ್ನ ಈ ಉತ್ತರದಲ್ಲಿ ಸೇರಿಸಿದರೆ ಇದೂ ಕಲಸಿಹೋಗುತ್ತದೆ. ಬೇಕಾದರೆ ಬೇರೆ ಪ್ರಶ್ನೆಯಾಗಿ ಕೇಳಿ, ಬರೆಯುತ್ತೇನೆ.