ಹೆಚ್ಚು ಪುಸ್ತಕ ಓದಿದ ವಿದ್ಯಾರ್ಥಿಗೆ ಬಹುಮಾನ ಇಡಬೇಕೇ, ಹೆಚ್ಚು ಪುಸ್ತಕ ಪಡೆದ ತರಗತಿಗೆ ಇಡಬೇಕೇ?

ಎರಡೂ ಬೇಡ. ಲೈಬ್ರರಿ ಅವಧಿಯಲ್ಲಿ ಮಕ್ಕಳು ಬರುತ್ತಾರೆ, ಕುಳಿತು ಎದ್ದು ಹೋಗುತ್ತಾರೆ, ಪುಸ್ತಕ ಮಾತ್ರ ಒಯ್ಯುವುದಿಲ್ಲ, ಎರವಲಿನ ಅಂಕಿ ಏರಬೇಕೆಂದು ಮುಖ್ಯೋಪಾಧ್ಯಾಯರು ಕೇಳುತ್ತಿದ್ದಾರೆ ಎಂದು ನೀವು ಬರೆದದ್ದನ್ನು ಓದುವಾಗ, ಶಾಲಾ ಗ್ರಂಥಪಾಲಕನಾಗಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವನ್ನೇ ಯಾರೋ ಬರೆದಿಟ್ಟಂತೆ ಅನಿಸಿತು. ನಾನು ಆಗ ನಿಮ್ಮ ಮೊದಲನೆಯ ದಾರಿಯನ್ನು ಹಿಡಿದೆ. ಗ್ರಂಥಾಲಯದ ಬಾಗಿಲ ಪಕ್ಕದ ಗೋಡೆಗೆ ಎಲ್ಲ ವಿದ್ಯಾರ್ಥಿಗಳ ಹೆಸರಿದ್ದ ದೊಡ್ಡ ಪಟ್ಟಿಯೊಂದನ್ನು ಅಂಟಿಸಿ, ಓದಿ ಹಿಂದಿರುಗಿಸಿದ ಪ್ರತಿ ಪುಸ್ತಕಕ್ಕೂ ಒಂದು ನಕ್ಷತ್ರ ಎಂದು ಸಾರಿದೆ. ಎರವಲಿನ ದಾಖಲೆ ಪುಸ್ತಕ ಬೇಗ ಬೇಗ ತುಂಬತೊಡಗಿತು, ಎಲ್ಲರೂ ಮೆಚ್ಚಿದರು.

ಆ ಹೊತ್ತಿಗೆ ಆಳ ಸಮುದ್ರದ ಜೀವಿಗಳನ್ನು ಕುರಿತ ದಪ್ಪ ಪುಸ್ತಕವೊಂದನ್ನು ಹಿಡಿದು ಪ್ರತಿ ಬಿಡುವಿನಲ್ಲೂ ಬಂದು ಕೂರುತ್ತಿದ್ದ ಹುಡುಗನೊಬ್ಬನಿದ್ದ. ಅವನ ಓದು ನಿಧಾನ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದ. ಕತ್ತಲೆಯ ನೀರಿನಲ್ಲಿ ತಲೆಯ ಮುಂದೆ ಬೆಳಕಿನ ಗಾಳವನ್ನು ತೂಗಿಸಿಕೊಂಡು ಬೇಟೆಯಾಡುವ ಮೀನಿನ ಚಿತ್ರವನ್ನು ನನ್ನ ಮೇಜಿನವರೆಗೂ ತಂದು, ಆ ಬೆಳಕು ಮೀನಿನದ್ದಲ್ಲ, ಅದರ ಮೈಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳದ್ದು ಎಂದು ಓದಿ ತಿಳಿಸಿದ್ದ. ಪಟ್ಟಿ ಗೋಡೆಗೇರಿದ ಮೇಲೆ ಅವನ ಹೆಸರಿನ ಮುಂದಿನ ಸಾಲು ಖಾಲಿಯೇ ಉಳಿಯಿತು, ಸಹಪಾಠಿಗಳು ಅದನ್ನು ಎತ್ತಿ ತೋರಿಸತೊಡಗಿದರು. ಅವನು ಆ ಪುಸ್ತಕವನ್ನು ಅರ್ಧಕ್ಕೇ ಮರಳಿಸಿ ತೆಳು ಪುಸ್ತಕಗಳನ್ನು ಒಯ್ದ, ಅವುಗಳಲ್ಲಿ ಯಾವುದರ ಬಗ್ಗೆಯೂ ನನ್ನ ಬಳಿ ಒಂದು ಮಾತನ್ನೂ ಆಡಲಿಲ್ಲ, ಕೊನೆಗೆ ಬರುವುದನ್ನೇ ಬಿಟ್ಟ.

ಈ ತಪ್ಪನ್ನು ನಾನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಇದನ್ನು ಕೇಳಿದವರಲ್ಲಿ ಹೆಚ್ಚಿನವರು ‘ಹಾಗಾದರೆ ಪುಸ್ತಕದ ಬದಲು ಪುಟಗಳನ್ನು ಎಣಿಸಬಹುದಲ್ಲ’ ಎಂದೋ, ‘ಸಾರಾಂಶ ಬರೆಸಿದರೆ ಓದಿದ್ದಾರೋ ಇಲ್ಲವೋ ತಿಳಿಯುತ್ತದೆ’ ಎಂದೋ ಹೇಳುತ್ತಾರೆ. ಸಾರಾಂಶವನ್ನು ನಾನೂ ಬರೆಸಿದ್ದೆ. ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚಾಗಿದ್ದ ಮಾತುಗಳೇ ಹಾಳೆಯಿಂದ ಹಾಳೆಗೆ ಬಂದವು. ಅಳತೆಗೋಲನ್ನು ಬದಲಿಸಿದರೆ ಇದು ಸರಿಹೋಗುವುದಿಲ್ಲ. ಮಗುವೊಂದು ತನ್ನ ಪಾಡಿಗೆ ತಾನು ಮಾಡುತ್ತಿದ್ದ ಕೆಲಸವನ್ನು ನಾನು ಎಲ್ಲರ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಇಟ್ಟೆ, ನಿಧಾನವಾಗಿ ಓದುವವನ ನಿಧಾನವನ್ನು ಇಡೀ ಶಾಲೆಗೆ ಸಾರಿದೆ. ಇದಕ್ಕಿಂತ ಹೆಚ್ಚಿನ ಹಾನಿಯೆಂದರೆ, ಪುಸ್ತಕವೆಂಬುದು ಮುಗಿಸಿ ಕೈತೊಳೆದುಕೊಳ್ಳಬೇಕಾದ ವಸ್ತು ಎಂಬ ಪಾಠವನ್ನು, ಅದು ಹಾಗಲ್ಲವೆಂದು ಆಗಲೇ ಕಂಡುಕೊಂಡಿದ್ದ ಮಗುವಿಗೇ ಕಲಿಸಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ತೋರಿಸುತ್ತದೆ. ಮೊದಲಿನಿಂದಲೂ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚೆಯೇ ಹೇಳಲಾಗಿತ್ತು. ಮುಂದೆ ಯಾವ ಬಹುಮಾನದ ಮಾತೂ ಇಲ್ಲದಿದ್ದಾಗ, ಉಳಿದ ಮಕ್ಕಳಿಗಿಂತ ಆ ಗುಂಪಿನವರೇ ಚಿತ್ರ ಬಿಡಿಸಲು ಕಡಿಮೆ ಸಮಯ ಕಳೆದರು. ನಿಮ್ಮ ಶಾಲೆಯಲ್ಲಿ ಈಗಾಗಲೇ ಓದುತ್ತಿರುವ ಕೆಲವೇ ಮಕ್ಕಳಿದ್ದರೂ, ಸ್ಪರ್ಧೆಯಿಂದ ಮೊದಲು ನಷ್ಟವಾಗುವುದು ಅವರಿಗೇ. ತರಗತಿವಾರು ಸ್ಪರ್ಧೆಯಲ್ಲಂತೂ ನಿಧಾನವಾಗಿ ಓದುವ ಮಗು ಇಡೀ ತರಗತಿಯ ಸೋಲಿಗೆ ಕಾರಣ ಎನಿಸಿಕೊಳ್ಳುತ್ತದೆ, ಹೀಗಾಗಿ ಅದು ಇನ್ನೂ ಕೆಟ್ಟದ್ದು.

ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೀರಿ. ಅದರಲ್ಲಿ ಎರಡನೆಯದಾದ ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎಂಬುದನ್ನು ದಿನದ ಕೆಲಸವಾಗಿ ತೆಗೆದುಕೊಳ್ಳಿ, ಪಟ್ಟಿ ಹರಿದುಹಾಕಿದ ಮೇಲೆ ನಾನು ಮಾಡಿದ್ದು ಅದನ್ನೇ. ‘ಯಾವ ಪುಸ್ತಕ ಬೇಕು’ ಎಂದು ಕೇಳಿದರೆ ಓದದ ಮಗುವಿನ ಬಳಿ ಉತ್ತರವಿರುವುದಿಲ್ಲ. ಅದಕ್ಕೆ ಪುಸ್ತಕಗಳ ಹೆಸರೇ ಗೊತ್ತಿಲ್ಲ. ಈಚೆಗೆ ಏನನ್ನು ನೋಡಿ ಬೆರಗಾಯಿತು, ಏನನ್ನು ಬಿಚ್ಚಿ ಜೋಡಿಸಿದೆ, ಏನು ಕಂಡರೆ ಭಯ ಎಂದು ಕೇಳಿ ನೋಡಿ. ‘ಬಾಹ್ಯಾಕಾಶ’ ಎಂದು ಮಗು ಹೇಳಿತೆಂದುಕೊಳ್ಳಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದ ಪ್ರಕಾರ ನಕ್ಷತ್ರ ಮತ್ತು ಗ್ರಹಗಳು 520ರ ಸಾಲಿನಲ್ಲಿರುತ್ತವೆ, ರಾಕೆಟ್ಟು ಮತ್ತು ಗಗನಯಾನ 629.4ರಲ್ಲಿ. ನಡುವೆ ಕಪಾಟುಗಳೇ ಅಡ್ಡ ಬರುತ್ತವೆ, ಒಂದು ಕಡೆ ಸಿಗದಿದ್ದರೆ ಮಗು ಇಲ್ಲವೆಂದುಕೊಂಡು ಹೊರಟುಬಿಡುತ್ತದೆ. ನೀವು ಎದ್ದು ಜೊತೆಗೆ ನಡೆಯಿರಿ. ಎರಡೂ ಕಡೆಯಿಂದ ಮೂರು ನಾಲ್ಕು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಆಯ್ಕೆಯನ್ನು ಅದಕ್ಕೇ ಬಿಟ್ಟು ದೂರ ಸರಿಯಿರಿ. ಪಕ್ಕದಲ್ಲೇ ನಿಂತರೆ ಮಗು ನಿಮ್ಮನ್ನು ಮೆಚ್ಚಿಸುವ ಪುಸ್ತಕವನ್ನೇ ಆರಿಸುತ್ತದೆ.

ಕಪಾಟಿನ ಕೆಲಸವನ್ನು ಅಲ್ಪವೆಂದುಕೊಳ್ಳಬೇಡಿ. ಬೆನ್ನು ಮಾತ್ರ ಕಾಣುವಂತೆ ಒತ್ತಾಗಿ ಜೋಡಿಸಿದ ಪುಸ್ತಕವನ್ನು ಹೊಸ ಓದುಗ ಎಳೆದು ನೋಡುವುದಿಲ್ಲ. ಪ್ರತಿ ಹಲಗೆಯ ಮೇಲೂ ಒಂದೆರಡನ್ನು ಮುಖಪುಟ ಕಾಣುವಂತೆ ನಿಲ್ಲಿಸಿ, ವಾರಕ್ಕೊಮ್ಮೆ ಬದಲಿಸಿ. ಅದಕ್ಕೆ ಜಾಗ ಬೇಕೆಂದರೆ ಹುಳು ತಿಂದ, ಮಾಹಿತಿ ಹಳತಾದ ಪುಸ್ತಕಗಳನ್ನು ನಿಯಮದಂತೆ ರದ್ದುಪಡಿಸಿ. 2006ರಲ್ಲಿ ಪ್ಲೂಟೊವನ್ನು ಕುಬ್ಜಗ್ರಹವೆಂದು ಮರುವರ್ಗೀಕರಿಸಿದ ಮೇಲೂ ಒಂಬತ್ತು ಗ್ರಹಗಳೆಂದೇ ಹೇಳುವ ಪುಸ್ತಕವನ್ನು ಮಗುವಿನ ಕೈಗೆ ಕೊಡುವುದಕ್ಕಿಂತ ಹಲಗೆ ಖಾಲಿ ಇರುವುದೇ ಮೇಲು.

ಲೈಬ್ರರಿ ಅವಧಿಯ ಮೊದಲ ಹತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ. ದೊಡ್ಡ ತರಗತಿಯವರಿಗೂ ಓದಿ, ಅವರು ಬೇಡವೆಂದಂತೆ ತೋರಿಸಿಕೊಂಡರೂ ಕೇಳುತ್ತಾರೆ. ಮುಂದೇನಾಯಿತು ಎಂದು ಕೇಳುವ ಜಾಗದಲ್ಲಿ ನಿಲ್ಲಿಸಿ, ಪುಸ್ತಕವನ್ನು ಅಲ್ಲೇ ಮೇಜಿನ ಮೇಲಿಟ್ಟು ಎದ್ದುಬಿಡಿ. ಇಷ್ಟವಾಗದ ಪುಸ್ತಕವನ್ನು ಓದದೆಯೇ ಹಿಂದಿರುಗಿಸಬಹುದು, ಯಾರೂ ಕಾರಣ ಕೇಳುವುದಿಲ್ಲ ಎಂದು ಮೊದಲ ದಿನವೇ ಹೇಳಿ. ಯಾರು ಯಾವ ಪುಸ್ತಕ ಒಯ್ದರೆಂಬುದನ್ನು ಇತರ ಮಕ್ಕಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ: ಮನೆಯಲ್ಲಿ ಸಾವೋ ಜಗಳವೋ ಆಗಿರುವ ಮಗು, ತನ್ನ ದೇಹದ ಬಗ್ಗೆ ಗಾಬರಿಗೊಂಡ ಮಗು, ಗುಟ್ಟು ನಿಲ್ಲುತ್ತದೆಂಬ ನಂಬಿಕೆ ಇದ್ದರೆ ಮಾತ್ರ ಆ ಪುಸ್ತಕವನ್ನು ಮುಟ್ಟುತ್ತದೆ. ತಡವಾದದ್ದಕ್ಕೆ ದಂಡ ಹಾಕುವುದನ್ನೂ ಬಿಡಿಸಿ. ದಂಡ ಕಟ್ಟಲಾಗದ ಮಗು ಪುಸ್ತಕವನ್ನೂ ತರುವುದಿಲ್ಲ, ತಾನೂ ಬರುವುದಿಲ್ಲ.

ಶಿಕ್ಷಕರೊಂದಿಗಿನ ಕೆಲಸದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಯೋಜನಾ ಕಾರ್ಯದ ವಿಷಯಗಳನ್ನು ಅವರಿಂದ ಮುಂಚೆಯೇ ಪಡೆದು, ಆ ಪುಸ್ತಕಗಳನ್ನು ಒಂದೆಡೆ ತೆಗೆದಿರಿಸಿ. ಮಕ್ಕಳು ಬಂದಾಗ ಉತ್ತರವಿರುವ ಪುಟವನ್ನು ತೆರೆದು ಕೊಡಬೇಡಿ. ಪರಿವಿಡಿ ಹೇಗೆ ನೋಡಬೇಕು, ಕೊನೆಯ ಪದಸೂಚಿಯಿಂದ ಪುಟ ಹೇಗೆ ಹಿಡಿಯಬೇಕು, ಎರಡು ಪುಸ್ತಕ ಎರಡು ರೀತಿ ಹೇಳಿದರೆ ಏನು ಮಾಡಬೇಕು ಎಂದು ತೋರಿಸಿಕೊಡಿ. ಗ್ರಂಥಪಾಲಕರು ಮತ್ತು ಶಿಕ್ಷಕರು ಜೊತೆಯಾಗಿ ಕೆಲಸ ಮಾಡಿದಲ್ಲಿ ಮಕ್ಕಳ ಓದು ಮತ್ತು ಕಲಿಕೆ ಮೇಲ್ಮಟ್ಟ ತಲುಪುತ್ತದೆ ಎಂದು ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಮತ್ತು ಯುನೆಸ್ಕೊ 1999ರ ಶಾಲಾ ಗ್ರಂಥಾಲಯ ಪ್ರಣಾಳಿಕೆಯಲ್ಲೇ ಹೇಳಿವೆ. ಮುಖ್ಯೋಪಾಧ್ಯಾಯರ ಮುಂದೆ ಇಡಲು ಇದು ಒಳ್ಳೆಯ ಆಧಾರ.

ಅವರಿಗೆ ಅಂಕಿಯೇ ಬೇಕೆಂದರೆ ಮೇಜಿನ ಮೇಲೆ ಒಂದು ಬೇಡಿಕೆ ಪುಸ್ತಕವನ್ನು ತೆರೆದಿಡಿ. ತಮಗೆ ಬೇಕಾದ ವಿಷಯವನ್ನು ಮಕ್ಕಳು ಹೆಸರಿಲ್ಲದೆ ಅದರಲ್ಲಿ ಬರೆಯಲಿ, ಅದು ನಮ್ಮಲ್ಲಿ ಸಿಕ್ಕಿತೇ, ಹೊಸದಾಗಿ ತರಿಸಲಾಯಿತೇ, ಇನ್ನೂ ಬಾಕಿ ಇದೆಯೇ ಎಂಬುದನ್ನು ನೀವು ಎದುರಿಗೆ ಗುರುತಿಸಿ. ತಿಂಗಳ ಕೊನೆಗೆ ಎರವಲಿನ ಮೊತ್ತದ ಬದಲು ಆ ಪುಟಗಳನ್ನೇ ಒಯ್ದು ತೋರಿಸಿ, ಬಾಕಿ ಉಳಿದ ಸಾಲುಗಳನ್ನು ಮುಂದಿಟ್ಟುಕೊಂಡು ಬಹುಮಾನಕ್ಕೆಂದು ತೆಗೆದಿಟ್ಟ ಹಣವನ್ನು ಹೊಸ ಪುಸ್ತಕಗಳಿಗೆ ಕೇಳಿ.