ಟೆಂಪೊದಲ್ಲೇ ಸಂಸಾರ ಹೂಡಬಹುದೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕ. ಬರುವ ಮೇ ತಿಂಗಳಿಗೆ ನಿವೃತ್ತಿ. ಒಂದು ಹಾಸಿಗೆ, ಒಂದು ಒಲೆ ಇರುವ ವ್ಯಾನ್‌ನಲ್ಲಿ ಊರೂರು ಸುತ್ತುತ್ತ ಸರಳವಾಗಿ ಬದುಕಬೇಕೆಂಬುದು ಮೂವತ್ತು ವರ್ಷಗಳ ಆಸೆ. ಪ್ರವಾಸಿಗರಿಗೆ ಬಾಡಿಗೆ ಓಡುತ್ತಿದ್ದ ಹಳದಿ ಬೋರ್ಡಿನ ಟೆಂಪೊ ಟ್ರಾವೆಲರ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಸೀಟು ಕಿತ್ತು ಮಂಚ, ಅಡುಗೆಕಟ್ಟೆ, ಎ.ಸಿ. ಎಲ್ಲವನ್ನೂ ಕೂರಿಸಿಕೊಡುತ್ತೇವೆ, ಆರ್‌ಟಿಒ ಕೆಲಸ ನಮಗೇ ಬಿಡಿ ಎಂದು ಗ್ಯಾರೇಜಿನವರು ಹೇಳುತ್ತಾರೆ. ಹಣಕ್ಕಾಗಿ ಮನೆಯನ್ನು ಮಾರುವ ಯೋಚನೆಯಿದೆ. ಹೆಂಡತಿ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅವಳು ಕೇಳಿದ್ದು ಒಂದೇ: ‘ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಎಲ್ಲಿಗೆ ಹೋಗುವುದು?’

ಉತ್ತರ: ಮೇಷ್ಟರೇ, ನಿಮ್ಮ ಪತ್ರದಲ್ಲಿ ಅತ್ಯಂತ ತೂಕದ ಪ್ರಶ್ನೆ ನಿಮ್ಮ ಮನೆಯವರದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಗ್ಯಾರೇಜಿನವರ ಮಾತನ್ನು ನೋಡೋಣ, ಏಕೆಂದರೆ ನೀವು ಹಣ ಕಳೆದುಕೊಳ್ಳುವುದು ಅಲ್ಲಿಯೇ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಆರ್‌ಸಿಯ (ನೋಂದಣಿ ಪತ್ರದ) ವಿವರ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಬಹುದು. ಜೈಲು ದೂರದ ಮಾತಿರಬಹುದು, ವಿಮೆ ಹಾಗಲ್ಲ. ಹದಿಮೂರು ಸೀಟಿನದೆಂದು ಆರ್‌ಸಿ ಹೇಳುವ ವಾಹನದಲ್ಲಿ ಗ್ಯಾಸ್ ಒಲೆ ಮತ್ತು ಮಂಚ ಕಂಡರೆ, ಅಪಘಾತದ ದಿನ ವಿಮಾ ಕಂಪನಿಗೆ ತಕರಾರು ತೆಗೆಯಲು ಬೇರೆ ನೆಪ ಬೇಕಿಲ್ಲ.

ಹಾಗೆಂದು ಮನೆಯಂಥ ವಾಹನಕ್ಕೆ ನಮ್ಮ ಕಾನೂನಿನಲ್ಲಿ ಜಾಗವೇ ಇಲ್ಲವೆಂದಲ್ಲ. ‘ಮೋಟಾರ್ ಕ್ಯಾರವಾನ್’ ಎಂಬ ಪ್ರತ್ಯೇಕ ಬಗೆಯಿದೆ, ಅದಕ್ಕೆ ಎಐಎಸ್-124 ಎಂಬ ಮಾನದಂಡವಿದೆ. ಆ ಮಾನದಂಡದ ಪ್ರಕಾರ ಪ್ರಮಾಣಪತ್ರ ಪಡೆದು, ಆರ್‌ಸಿಯಲ್ಲೇ ಕ್ಯಾರವಾನ್ ಎಂದು ಬರೆಸಿಕೊಡುವವರ ಬಳಿ ಮಾತ್ರ ವ್ಯವಹರಿಸಿ. ‘ನಮಗೇ ಬಿಡಿ’ ಎಂದವರನ್ನು, ಈ ಹಿಂದೆ ಮಾಡಿಕೊಟ್ಟ ಒಂದು ಗಾಡಿಯ ಆರ್‌ಸಿ ತೋರಿಸಿ ಎಂದು ಕೇಳಿ. ಮಾತು ಬೇರೆ ಕಡೆ ಹೊರಳಿದರೆ ನೀವೂ ಮನೆಯ ಕಡೆ ಹೊರಳಿ. ಹಳದಿ ಬೋರ್ಡಿನ ವಿಚಾರವೂ ಅಷ್ಟೇ: ಪರ್ಮಿಟ್ ಒಪ್ಪಿಸಿ ಖಾಸಗಿಗೆ ಬದಲಾಯಿಸುವವರೆಗೆ ಅದು ಬಾಡಿಗೆ ವಾಹನವೇ. ಎಂಟು ವರ್ಷ ದಾಟಿದ್ದರೆ ಪ್ರತಿವರ್ಷ ಎಫ್‌ಸಿ, ಅಂದರೆ ವಾಹನದ ಸುಸ್ಥಿತಿ ಪ್ರಮಾಣಪತ್ರ, ಮಾಡಿಸಬೇಕು.

ಇನ್ನು ಎ.ಸಿ. ಇದನ್ನು ಮರೆತುಬಿಡಿ ಎನ್ನುವುದೇ ನನ್ನ ಸಲಹೆ. 100 ಆಂಪಿಯರ್-ಅವರ್‌ನ 12 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯುವುದು ಹೆಚ್ಚುಕಡಿಮೆ ಒಂದೂಕಾಲು ಯೂನಿಟ್ ವಿದ್ಯುತ್. ಒಂದು ಟನ್‌ನ ಎ.ಸಿ. ಅದನ್ನು ಒಂದೆರಡು ಗಂಟೆಯಲ್ಲಿ ಕುಡಿದು ಮುಗಿಸುತ್ತದೆ. 30 ವಾಟ್‌ನ ಫ್ಯಾನ್ ಎಂಟು ಗಂಟೆ ತಿರುಗಿದರೂ ಕಾಲು ಯೂನಿಟ್ ಆಗುವುದಿಲ್ಲ. ಚಾವಣಿಯ ಮೇಲೆ 330 ವಾಟ್‌ನ ಒಂದು ಸೌರಫಲಕವಿದ್ದರೆ, ಒಳ್ಳೆಯ ಬಿಸಿಲಿನ ದಿನ ಖರ್ಚಾದಷ್ಟು ಮರಳಿ ತುಂಬುತ್ತದೆ. ಆಷಾಢದ ಆಗುಂಬೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸೆಖೆಗೆ ಮದ್ದು ಯಂತ್ರದಲ್ಲಿಲ್ಲ, ನಿಮ್ಮ ಚಕ್ರದಲ್ಲಿದೆ: ಏಪ್ರಿಲ್‌ನಲ್ಲಿ ಕಲಬುರಗಿಗೆ ಹೋಗಬೇಡಿ, ಮಡಿಕೇರಿಗೆ ಹೋಗಿ. ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿಕೊಂಡು ಮಲಗುವ ಯೋಚನೆಯನ್ನಂತೂ ಮಾಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ತೂಕವನ್ನೂ ಗಮನಿಸಿ. 18 ಮಿಲಿಮೀಟರ್ ದಪ್ಪದ ಎಂಟು ಅಡಿ, ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆಯೇ ಮೂವತ್ತು ಕಿಲೊ ತೂಗುತ್ತದೆ. ನೂರು ಲೀಟರ್ ನೀರೆಂದರೆ ನೂರು ಕಿಲೊ. ಬಡಗಿಯ ಕೈಗೆ ಗಾಡಿ ಕೊಟ್ಟರೆ ಅವನು ಮನೆಯ ವಾರ್ಡ್‌ರೋಬನ್ನೇ ಕಟ್ಟಿಬಿಡುತ್ತಾನೆ. ಚಾರ್ಮಾಡಿ ಘಾಟಿ ಇಳಿಯುವಾಗ ಅದಷ್ಟನ್ನೂ ಬ್ರೇಕ್ ಹೊರಬೇಕು.

ನೀರಿಗೆ ಪೆಟ್ರೋಲ್ ಬಂಕ್‌ಗಳಿವೆ. ಕುಡಿಯುವ ನೀರು, ಶೌಚಾಲಯ, ಚಕ್ರಕ್ಕೆ ಗಾಳಿ ಅಲ್ಲಿ ಉಚಿತವಾಗಿ ಸಿಗಬೇಕು. ರಾತ್ರಿ ತಂಗುವ ಜಾಗವನ್ನು ಕತ್ತಲಾಗುವ ಮುನ್ನವೇ ಗೊತ್ತು ಮಾಡಿಕೊಳ್ಳಿ. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಹಗಲಿನಲ್ಲೂ ಅಲ್ಲಿ ಒಲೆ ಹಚ್ಚಿ ಕೂರುವಂತಿಲ್ಲ.

ಈಗ ಎರಡು ಗಂಟೆಯ ಪ್ರಶ್ನೆ. ಕ್ಯಾಸೆಟ್ ಟಾಯ್ಲೆಟ್ ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆ. ಅದರ ಕೆಳಗಿನ ಡಬ್ಬಿ ಸುಮಾರು 20 ಲೀಟರಿನದು, ಇಬ್ಬರಿಗೆ ಎರಡು ಮೂರು ದಿನಕ್ಕೆ ತುಂಬುತ್ತದೆ. ಅದನ್ನು ಗದ್ದೆಗೋ ಮೋರಿಗೋ ಸುರಿಯುವಂತಿಲ್ಲ. ಶೌಚಾಲಯಕ್ಕೇ ಒಯ್ದು ಖಾಲಿ ಮಾಡಬೇಕು. ಮನೆಯಲ್ಲಿ ಗುಂಡಿ ಒತ್ತಿ ಮರೆತುಬಿಡುವ ಕೆಲಸ ಇಲ್ಲಿ ಕೈಯಲ್ಲಿ ಹಿಡಿದು ನಡೆಯುವ ಕೆಲಸವಾಗುತ್ತದೆ. ನೀರು, ದೀಪ, ಕಸ ಎಲ್ಲದರದೂ ಇದೇ ಕಥೆ. ಸಾಮಾನು ಕಡಿಮೆಯಾದಷ್ಟೂ ಓಡಾಟ ಹೆಚ್ಚು. ನನ್ನ ಮಟ್ಟಿಗೆ ಈ ಬದುಕಿನ ರುಚಿಯೂ ಅದರಲ್ಲೇ ಇದೆ, ಆದರೆ ಎಲ್ಲರ ನಾಲಿಗೆಗೂ ಅದು ಹಿಡಿಸಬೇಕೆಂದಿಲ್ಲ.

ಆದ್ದರಿಂದ ಟೆಂಪೊಗೆ ಮುಂಗಡ ಕೊಡಬೇಡಿ. ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಸಿಗುತ್ತದೆ. ಜುಲೈನಲ್ಲಿ, ಮಳೆ ಹಿಡಿದ ವಾರವನ್ನೇ ಆರಿಸಿಕೊಂಡು ಇಬ್ಬರೂ ಹೋಗಿ ಬನ್ನಿ. ಡಿಸೆಂಬರಿನ ಗೋಕರ್ಣದಲ್ಲಿ ಯಾರಿಗಾದರೂ ವ್ಯಾನ್ ಹಿತವೆನಿಸುತ್ತದೆ. ಬಟ್ಟೆ ಒಣಗದ ಮೂರನೆಯ ದಿನ ನಿಮ್ಮ ಮನೆಯವರು ಏನು ಹೇಳುತ್ತಾರೋ ಕೇಳಿಸಿಕೊಳ್ಳಿ.

ಮನೆಯನ್ನು ಮಾರಬೇಡಿ. ಪಿಂಚಣಿ, ಆಧಾರ್, ವಿಮೆ, ಆರ್‌ಸಿ ಎಲ್ಲಕ್ಕೂ ಒಂದು ವಿಳಾಸ ಬೇಕು. ಒಂದು ಕೋಣೆಗೆ ಬೀಗ ಹಾಕಿಟ್ಟುಕೊಂಡು ಉಳಿದದ್ದನ್ನು ಬಾಡಿಗೆಗೆ ಕೊಡಿ. ಡೀಸೆಲ್ ಖರ್ಚಿಗೆ ಅದು ಒದಗುತ್ತದೆ. ಮತ್ತೆ, ಆ ಡಬ್ಬಿಯನ್ನು ಖಾಲಿ ಮಾಡುವವರು ಯಾರೆಂಬುದನ್ನು ಬಾಡಿಗೆ ಗಾಡಿ ಹತ್ತುವ ಮುನ್ನವೇ ತೀರ್ಮಾನಿಸಿಕೊಳ್ಳಿ. ಆಸೆ ಮೂವತ್ತು ವರ್ಷಗಳಿಂದ ನಿಮ್ಮದು ತಾನೇ, ಡಬ್ಬಿಯೂ ನಿಮ್ಮದೇ ಆಗಲಿ.